ಗೆಲವಿನ ಹಿಂದಿನ ಅಡಿಗೆಮನೆ

ಕಾಲೇಜು ಹುಡುಗರ ಕ್ರೀಡಾಕೂಟವೊಂದು ಮುಗಿದ ಮರುದಿನ ಪತ್ರಿಕೆಗಳಲ್ಲಿ ಪ್ರಕಟವಾಗುವ ಚಿತ್ರವು ಬಹುತರವಾಗಿ ಒಂದೇ ಬಗೆಯದು. ನಡುವೆ ದೊಡ್ಡದೊಂದು ಪಾರಿತೋಷಕ. ಅದರ ಎಡಬಲಗಳಲ್ಲಿ ಕುಲಪತಿಗಳು, ಮಂತ್ರಿಗಳು, ಆಡಳಿತ ಮಂಡಳಿಯ ಅಧ್ಯಕ್ಷರು. ಓಡಿ ಗೆದ್ದವರು ಮಾತ್ರ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕಾಲು ಮಡಚಿ ಕುಳಿತಿರುತ್ತಾರೆ. ಆ ಹುಡುಗರಿಗೆ ವರ್ಷವಿಡೀ ಅಡಿಗೆ ಮಾಡಿ ಬಡಿಸಿದವರು ಯಾವ ಚಿತ್ರದಲ್ಲಿಯೂ ಇರುವುದಿಲ್ಲ. ಹೋಟೆಲಿನ ಗಲ್ಲಾದಲ್ಲಿ ಬಹುವರ್ಷ ಕುಳಿತು ಬಂದ ನಮಗೆ ಈ ಕೊರತೆಯೇ ಮೊದಲು ಕಣ್ಣಿಗೆ ಬೀಳುವುದೆಂದರೆ ವಾಚಕರು ನಗಬಹುದು. ಆದರೆ ನಮ್ಮ ನಾಡಿನ ಕಾಲೇಜು ಕ್ರೀಡೆಯ ಇತ್ತೀಚಿನ ಚರಿತ್ರೆಯನ್ನು ತುಸು ಕೆದಕಿದವರಿಗೆ, ಗೆಲವಿನ ನೇತೃತ್ವವೆಂಬುದು ವೇದಿಕೆಗಿಂತ ಹೆಚ್ಚಾಗಿ ಅಡಿಗೆಮನೆಯಲ್ಲಿಯೇ ನಡೆದಿರುವುದೆಂದು ತೋರದಿರದು.

ಮಂಗಳೂರು ವಿಶ್ವವಿದ್ಯಾನಿಲಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1980ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಕೊಣಾಜೆಯ ಗುಡ್ಡದ ಮೇಲೆ ನೆಲೆನಿಂತ ಈ ವಿಶ್ವವಿದ್ಯಾನಿಲಯವು ಮುಂಬಯಿ, ಮದರಾಸು, ಪಂಜಾಬಗಳಂತೆ ಹಳೆಯದೂ ಅಲ್ಲ, ಸಿರಿವಂತವೂ ಅಲ್ಲ. ಆದರೂ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಕೂಟದಲ್ಲಿ ಅದರ ಹೆಸರು ಈಗ ವರ್ಷವರ್ಷವೂ ಮೇಲಿನ ಸಾಲಿನಲ್ಲಿಯೇ ಕಾಣುವಂತಾಗಿದೆ. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆದ 80ನೆಯ ಕೂಟದಲ್ಲಿ ಸಮಗ್ರ ಪ್ರಶಸ್ತಿಯನ್ನು ಅದೇ ಗೆದ್ದಿತು. 2022ರ ಜನವರಿಯಲ್ಲಿ ಪುರುಷರ ಕೂಟವು ಮತ್ತೆ ಅದೇ ಮೈದಾನದಲ್ಲಿ ನಡೆದಾಗಲೂ ಪ್ರಶಸ್ತಿಯು ಅಲ್ಲಿಯೇ ಉಳಿಯಿತು. ವಿಶ್ವವಿದ್ಯಾನಿಲಯಗಳ ಕ್ರೀಡೆಯ ಪರಮ ಗೌರವವೆನಿಸಿದ ಮೌಲಾನಾ ಅಬುಲ್ ಕಲಾಂ ಆಜಾದ್ ಪಾರಿತೋಷಕವು 1956-57ರಿಂದ ಇರುವಂಥದು. ಅದನ್ನು ಅಮೃತಸರ, ಚಂಡೀಗಡ, ಪಟಿಯಾಲಗಳವರು ತಮ್ಮ ತಮ್ಮಲ್ಲಿಯೇ ಹಂಚಿಕೊಂಡಂತೆ ಅದೆಷ್ಟೋ ಸಲ ಗೆದ್ದಿದ್ದಾರೆ. ಗೋಧಿಯ ರೊಟ್ಟಿ, ಹಾಲು, ತುಪ್ಪಗಳ ಆ ಸೀಮೆಯವರಿಗೆ ಕುಚ್ಚಲಕ್ಕಿ ಗಂಜಿಯ ಸೀಮೆಯೊಂದು ಓಟದ ಕಣದಲ್ಲಾದರೂ ಸರಿಸಮವಾಗಿ ನಿಂತಿತೆಂಬುದು ಸಣ್ಣ ಮಾತಲ್ಲ.

ಇದು ಹೇಗಾಯಿತು? ಮೂಡುಬಿದಿರೆಯ ಡಾ. ಎಂ. ಮೋಹನ ಆಳ್ವರು ವೃತ್ತಿಯಿಂದ ಆಯುರ್ವೇದ ವೈದ್ಯರು. 1995ರಲ್ಲಿ ಅವರು ಸ್ಥಾಪಿಸಿದ ಶಿಕ್ಷಣ ಪ್ರತಿಷ್ಠಾನವು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಳ್ಳುವ ಪದ್ಧತಿಯೊಂದನ್ನು ರೂಢಿಸಿತು. ದತ್ತು ಎಂಬ ಮಾತನ್ನು ಗಮನಿಸಬೇಕು. ವಿದ್ಯಾರ್ಥಿವೇತನವೆಂದು ಅವರು ಕರೆಯಲಿಲ್ಲ. ಶುಲ್ಕ, ವಸತಿ, ಊಟ, ತರಬೇತಿ ಎಲ್ಲವೂ ಸಂಸ್ಥೆಯದು; ಹುಡುಗನು ಓಡಬೇಕು, ಓದಬೇಕು, ಅಷ್ಟೇ. ಬಡಮನೆಯ ಮಕ್ಕಳಿಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಹೋಟೆಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಜಾವ ಹತ್ತು ಮೈಲಿ ಓಡಿ ಬಂದ ಹುಡುಗನ ತಟ್ಟೆಗೆ ನಾಲ್ಕು ಮೊಟ್ಟೆಯೋ, ಒಂದು ಲೋಟ ಹಾಲೋ, ನೆನೆಸಿದ ಕಡಲೆಯೋ ಆಗಲೇ ಬೀಳದಿದ್ದರೆ, ಸಾಯಂಕಾಲದ ಓಟ ಅವನಿಂದ ಆಗದು. ಒಂದು ದಿನ ಬಡಿಸುವುದು ಯಾರಿಗೂ ಕಷ್ಟವಲ್ಲ. ಮುನ್ನೂರು ದಿನ, ನೂರಾರು ಹುಡುಗರಿಗೆ, ಗೆದ್ದವರಿಗೂ ಸೋತವರಿಗೂ ಪಂಕ್ತಿಭೇದವಿಲ್ಲದೆ ಬಡಿಸುವುದಿದೆಯಲ್ಲ, ಅದಕ್ಕೆ ಬೇಕಾದ ಛಲವೇ ಬೇರೆ. ಮಳೆಗಾಲದಲ್ಲಿ ತರಕಾರಿಯ ಬೆಲೆ ಏರಿದಾಗ ಸಾಂಬಾರನ್ನು ತೆಳ್ಳಗೆ ಮಾಡೋಣವೆಂಬ ಯೋಚನೆ ಯಾರಿಗೆ ತಾನೆ ಬಾರದು? ಬಂದರೂ ಹಾಗೆ ಮಾಡದಿರುವವನೇ ಇಲ್ಲಿ ನಾಯಕ. ತಮಿಳುನಾಡಿನ ಧರುಣ್ ಅಯ್ಯಸಾಮಿಯವರು ಈ ಆಳ್ವಾಸ್ ಸಂಸ್ಥೆಯಲ್ಲಿ ಓದಿದವರು. ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 48.96 ಸೆಕೆಂಡುಗಳಲ್ಲಿ ಮುಗಿಸಿ ಬೆಳ್ಳಿಯ ಪದಕವನ್ನೂ ರಾಷ್ಟ್ರೀಯ ದಾಖಲೆಯನ್ನೂ ಸಂಪಾದಿಸಿದ್ದನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೆನೆಯಬಹುದು.

ಇಲ್ಲಿ ಒಂದು ಆಕ್ಷೇಪವನ್ನು ನಾವು ಆಗಾಗ ಕೇಳುತ್ತೇವೆ. ಮಂಗಳೂರಿಗೆ ಪದಕ ತಂದವರಲ್ಲಿ ಎಷ್ಟೋ ಮಂದಿ ಉತ್ತರಪ್ರದೇಶದವರು, ಹರಿಯಾಣದವರು, ಮಹಾರಾಷ್ಟ್ರದವರು, ಕೇರಳದವರು. ಹೀಗಿರುವಾಗ ಈ ಗೆಲವು ನಮ್ಮದು ಹೇಗೆ ಎಂಬುದೇ ಆ ಆಕ್ಷೇಪ. ಊರಿನಲ್ಲಿರುವವರು ಹೀಗೆಂದರೆ ಎನ್ನಲಿ. ಪುಣೆಯಲ್ಲಿ ಕುಳಿತ ಕನ್ನಡಿಗರ ಬಾಯಲ್ಲಿ ಈ ಮಾತು ಶೋಭಿಸದು. ಕುಂದಾಪುರ, ಉಡುಪಿ, ಕಾರ್ಕಳಗಳಿಂದ ಒಂದು ಟ್ರಂಕು ಹಿಡಿದು ಬಂದು, ಸ್ವಾರಗೇಟಿನಲ್ಲಿಯೂ ಲಕ್ಷ್ಮೀ ರಸ್ತೆಯಲ್ಲಿಯೂ ಮರಾಠಿಗರ ಊರಿನಲ್ಲಿ ಮರಾಠಿಗರಿಗೇ ಇಡ್ಲಿ ಬಡಿಸಿ ಬದುಕು ಕಟ್ಟಿಕೊಂಡವರು ನಾವು. ಈ ಊರು ನಮ್ಮನ್ನು ಎಲ್ಲಿಯವರೆಂದು ಕೇಳಿದ್ದುಂಟು. ಆದರೆ ಏಳು ಎಂದು ತಟ್ಟೆಯ ಮುಂದಿನಿಂದ ಎಬ್ಬಿಸಲಿಲ್ಲ. ಹಾಗಿರುವಾಗ ಕಾನ್ಪುರದ ಕಡೆಯ ಬಡ ಹುಡುಗನೊಬ್ಬ ಮೂಡುಬಿದಿರೆಯಲ್ಲಿ ಉಂಡು, ಓದಿ, ಮಂಗಳೂರಿನ ಅಂಗಿ ತೊಟ್ಟು ಓಡಿದರೆ ನಮಗೆ ಹೆಮ್ಮೆಯಾಗಬೇಕು. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಆ ಪಂಕ್ತಿಯಲ್ಲಿ ನಮ್ಮ ಮಕ್ಕಳು ಏಕೆ ಇಷ್ಟು ಕಡಿಮೆ?

ಬೆಂಗಳೂರಿನ ಸಂಗತಿಯನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಕೇಂದ್ರ ಸರಕಾರದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಎರಡನೆಯ ಆವೃತ್ತಿಯು 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ಜರುಗಿದಾಗ, ಆತಿಥ್ಯ ವಹಿಸಿದ ಜೈನ್ ವಿಶ್ವವಿದ್ಯಾನಿಲಯವೇ 20 ಚಿನ್ನದ ಪದಕಗಳೊಡನೆ ಅಗ್ರಸ್ಥಾನ ಪಡೆಯಿತು. ಅದರಲ್ಲಿ ಈಜುಕೊಳದಿಂದ ಬಂದ ಪಾಲು ದೊಡ್ಡದು. ಶಿವ ಶ್ರೀಧರ್ ಎಂಬ ಒಬ್ಬ ಈಜುಗಾರನೇ ಏಳು ಚಿನ್ನ ತಂದನು. ಅಲ್ಲಿಯೂ ಕ್ರೀಡಾಪಟುಗಳಿಗೆ ಶುಲ್ಕ, ಹಾಜರಿಗಳಲ್ಲಿ ಅನುಕೂಲ ಮಾಡಿಕೊಡುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಆದರೆ ಈಜುಕೊಳವು ಹೋಟೆಲ್ ಕಾರ್ಮಿಕರ ಮಕ್ಕಳಿಗೆ ದೂರದ ಮಾತು. ಬರಿಗಾಲಿನಲ್ಲಿಯೂ ಆರಂಭಿಸಬಹುದಾದದ್ದು ಓಟವೊಂದೇ. ಆದ್ದರಿಂದ ನಾವು ಓಟದ ಮಾತನ್ನೇ ಮುಂದುವರಿಸುತ್ತೇವೆ.

ಕಾಲೇಜು ಕ್ರೀಡೆಗೆ ಜಗತ್ತಿನಲ್ಲಿಯೇ ಅತ್ಯಂತ ದೊಡ್ಡ ವ್ಯವಸ್ಥೆಯಿರುವುದು ಅಮೆರಿಕೆಯಲ್ಲಿ. ಅಲ್ಲಿ ಅಕ್ಕಪಕ್ಕದ ವಿಶ್ವವಿದ್ಯಾನಿಲಯಗಳು ಕೂಡಿಕೊಂಡು ಕೂಟಗಳನ್ನು ರಚಿಸಿಕೊಳ್ಳುತ್ತವೆ. ಅವುಗಳಿಗೆ ಕಾನ್ಫರೆನ್ಸ್ ಎಂದು ಹೆಸರು. ಅವುಗಳಲ್ಲಿ ಬಹು ಹಳೆಯದಾದ 'ಬಿಗ್ ಟೆನ್' ಹುಟ್ಟಿದ್ದು ಎಲ್ಲಿ ಗೊತ್ತೆ? ಒಂದು ಹೋಟೆಲಿನಲ್ಲಿ! 1895ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಎಂಬವರು ಶಿಕಾಗೋದ ಪಾಮರ್ ಹೌಸ್ ಹೋಟೆಲಿನಲ್ಲಿ ಏಳು ವಿಶ್ವವಿದ್ಯಾನಿಲಯಗಳ ಮುಖ್ಯಸ್ಥರನ್ನು ಕರೆದು ಕೂರಿಸಿದರು. ಮರುವರ್ಷ ಕೂಟವು ವಿಧಿಪೂರ್ವಕವಾಗಿ ಅಸ್ತಿತ್ವಕ್ಕೆ ಬಂದಿತು. ಆ ದಿನ ಅವರಿಗೆ ಕಾಫಿ ಕೊಟ್ಟವನ ಹೆಸರು ಚರಿತ್ರೆಯಲ್ಲಿಲ್ಲ, ಇರಲಿ. ಅವರು ಮೊದಲು ಮಾಡಿದ ನಿಯಮವು ಗಮನಾರ್ಹ: ನಿಜವಾಗಿ ಓದುತ್ತಿರುವ, ಪಾಠದಲ್ಲಿ ಹಿಂದೆ ಬೀಳದ ಪೂರ್ಣಕಾಲಿಕ ವಿದ್ಯಾರ್ಥಿಯೇ ಆಡತಕ್ಕದ್ದು. ಬಾಡಿಗೆಯ ಆಟಗಾರರನ್ನು ತಂದು ಕಾಲೇಜಿನ ಹೆಸರಿನಲ್ಲಿ ಆಡಿಸುವ ವಂಚನೆಯನ್ನು ತಡೆಯುವುದೇ ಅವರ ಉದ್ದೇಶವಾಗಿತ್ತು. ಒಂದೂಕಾಲು ಶತಮಾನದ ತರುವಾಯ ಆ ಗಾಳಿ ಪೂರ್ತಿ ತಿರುಗಿದೆ. 2025ರಲ್ಲಿ ಅಲ್ಲಿನ ನ್ಯಾಯಾಲಯವು ಒಪ್ಪಿದ ರಾಜಿಯೊಂದರಂತೆ ವಿಶ್ವವಿದ್ಯಾನಿಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವಾಯಿತು. ಹತ್ತು ಎಂಬ ಹೆಸರಿನ ಆ ಕೂಟದಲ್ಲಿ 2024ರಿಂದ ಸದಸ್ಯರು 18! ಲೆಕ್ಕ ಬರೆಯುವ ನಮ್ಮ ಗುಮಾಸ್ತ ಮಿತ್ರರು ಇದನ್ನು ಯಾವ ಖಾತೆಗೆ ಹಾಕುವರೋ ತಿಳಿಯದು.

ನಮ್ಮ ದೇಶದಲ್ಲಿಯೂ ಆ ಹಳೆಯ ನಿಯಮವೇ ಇದೆ. 1925ರಲ್ಲಿ ಹುಟ್ಟಿ, ಈಗ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಕರೆಯಿಸಿಕೊಳ್ಳುವ ಸಂಸ್ಥೆಯು ಈ ಕೂಟಗಳನ್ನು ನಡೆಸುತ್ತದೆ. 17ರಿಂದ 25 ವರ್ಷ ವಯಸ್ಸಿನ, ಕ್ರಮಬದ್ಧವಾಗಿ ಕಾಲೇಜಿಗೆ ಸೇರಿದ ಪೂರ್ಣಕಾಲಿಕ ವಿದ್ಯಾರ್ಥಿಗಳಿಗಷ್ಟೇ ಇಲ್ಲಿ ಪ್ರವೇಶ. ನಿಯಮವು ನ್ಯಾಯವಾದದ್ದೇ. ಆದರೆ ಅದರ ಬಾಗಿಲು ಯಾರ ಮುಖದ ಮೇಲೆ ಮುಚ್ಚುತ್ತದೆಂಬುದನ್ನು ನೋಡಬೇಡವೇ? ಅಂಚೆಯ ಮೂಲಕ ಪಾಠ ತರಿಸಿಕೊಂಡು, ರಾತ್ರಿ ಹನ್ನೊಂದರ ಮೇಲೆ ಟೇಬಲು ಒರೆಸಿ, ಆಮೇಲೆ ಪುಸ್ತಕ ಬಿಡಿಸುವ ಹುಡುಗ ಪೂರ್ಣಕಾಲಿಕ ಕಾರ್ಮಿಕನೇ ಹೊರತು ಪೂರ್ಣಕಾಲಿಕ ವಿದ್ಯಾರ್ಥಿಯಲ್ಲ. ಕಾಲೇಜಿಗೆ ಸೇರಿಯೂ ಕೆಲಸ ಮಾಡುವವನಿಗೆ ಹೆಸರಿದೆ, ಸಮಯವಿಲ್ಲ.

ಈ ಮಾತನ್ನು ನಾವು ಪುಸ್ತಕ ಓದಿ ಬರೆಯುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ನಮ್ಮ ಹೋಟೆಲಿನಲ್ಲಿ ಬೈಂದೂರು ಕಡೆಯ ಹುಡುಗನೊಬ್ಬ ಸಪ್ಲಾಯರನಾಗಿದ್ದನು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಮೂರರಿಂದ ರಾತ್ರಿ ಅಂಗಡಿ ಮುಚ್ಚುವವರೆಗೆ ಕೆಲಸ. ನಸುಕಿನಲ್ಲಿ ಸಣಸ್ ಮೈದಾನಕ್ಕೆ ಓಡಲು ಹೋಗುವನೆಂದು ಉಳಿದ ಹುಡುಗರು ನಗುತ್ತಿದ್ದರು. ಒಂದು ದಿನ ಗಲ್ಲಾದ ಬಳಿ ಬಂದು, "ಧನಿಗಳೇ, ನಾಲ್ಕು ದಿವಸ ರಜೆ ಬೇಕಿತ್ತು, ಕಾಲೇಜುಗಳ ಕೂಟ ಉಂಟು, ನಮ್ಮ ಕಾಲೇಜಿನಿಂದ ನನ್ನನ್ನು ಆರಿಸಿದ್ದಾರೆ" ಎಂದನು. ದೀಪಾವಳಿಗೆ ಊರಿಗೆ ಹೋದ ಇಬ್ಬರು ಇನ್ನೂ ಮರಳಿರಲಿಲ್ಲ, ಮದುವೆಗಳ ದಿನಗಳು. ನಾವು ತಲೆಯನ್ನೂ ಎತ್ತದೆ, "ಓಡಿದರೆ ಎಂತ ಸಿಗ್ತದೆ ಮಾರಾಯ? ಟೇಬಲು ಯಾರು ನೋಡುವುದು?" ಎಂದುಬಿಟ್ಟೆವು. ಅವನು ಎರಡನೆಯ ಸಲ ಕೇಳಲಿಲ್ಲ. ಆ ನಾಲ್ಕು ದಿನವೂ ಹೊತ್ತಿಗೆ ಸರಿಯಾಗಿ ಬಂದು ಕೆಲಸ ಮಾಡಿದನು; ಒಂದು ಲೋಟವನ್ನೂ ಕುಕ್ಕಲಿಲ್ಲ. ಮರುವರ್ಷ ಕಾಲೇಜು ಬಿಟ್ಟನು. ಈಗ ಕೊಲ್ಲಿಯ ದೇಶವೊಂದರಲ್ಲಿ ಹೋಟೆಲಿನಲ್ಲಿದ್ದಾನೆ. ಹಬ್ಬಹುಣ್ಣಿಮೆಗೆ ತಪ್ಪದೆ ನಮ್ಮ ಕ್ಷೇಮ ಕೇಳುತ್ತಾನೆ, ಆ ವಿಷಯವನ್ನು ಎಂದೂ ಎತ್ತಿಲ್ಲ. ಅವನು ಓಡಿದ್ದರೆ ಗೆಲ್ಲುತ್ತಿದ್ದನೋ ಕೊನೆಯವನಾಗುತ್ತಿದ್ದನೋ ನಾವು ಅರಿಯೆವು. ಅರಿಯದಂತೆ ಮಾಡಿದವರು ನಾವೇ.

"ಓಡಿದರೆ ಎಂತ ಸಿಗ್ತದೆ" ಎಂಬ ನಮ್ಮ ಅಂದಿನ ಪ್ರಶ್ನೆಗೆ ಉತ್ತರವನ್ನು ತಿಳಿದುಕೊಂಡದ್ದು ತೀರ ತಡವಾಗಿ. ಕೇಂದ್ರ ಸರಕಾರದ ಕಚೇರಿಗಳಲ್ಲಿ ಕ್ರೀಡಾಪಟುಗಳಿಗೆಂದು ಕೆಲವು ನೌಕರಿಗಳನ್ನು ಮೀಸಲಿಡುವ ಆಜ್ಞೆಯಿದೆ. ಅಂತರ ವಿಶ್ವವಿದ್ಯಾನಿಲಯ ಕೂಟದಲ್ಲಿ ತನ್ನ ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದವನು ಆ ನೌಕರಿಗಳಿಗೆ ಅರ್ಜಿ ಹಾಕಲು ಅರ್ಹರಾದವರ ಪಟ್ಟಿಯಲ್ಲಿ ಬರುತ್ತಾನೆ. ರೈಲ್ವೆಯಲ್ಲಿಯೂ ಕ್ರೀಡೆಯ ಆಧಾರದ ಮೇಲೆ ನೇಮಕಗಳು ನಡೆಯುತ್ತವೆ. ಕಚೇರಿಯಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಶಿಫಾರಸು ಮಾಡುವ ಮಾವನಿಲ್ಲದ, ಊರಿನಲ್ಲಿ ಅಡಕೆತೋಟವಿಲ್ಲದ ಹುಡುಗನಿಗೆ ತಿಂಗಳ ಪಗಾರವೂ ನಿವೃತ್ತಿಯ ಭದ್ರತೆಯೂ ಇರುವ ಕುರ್ಚಿಯೊಂದಕ್ಕೆ ಇರುವ ಕೆಲವೇ ದಾರಿಗಳಲ್ಲಿ ಇದೂ ಒಂದು. ಹುಡುಗಿಯರಿಗಂತೂ ಇದರ ಉಪಯೋಗ ಇನ್ನೂ ಹೆಚ್ಚು. ನಮ್ಮ ಪುಣೆ ವಿಶ್ವವಿದ್ಯಾನಿಲಯದ ಸೀಮೆಗೆ ಸೇರಿದ ನಾಸಿಕ ಜಿಲ್ಲೆಯ ಸಾವರಪಾಡಾ ಎಂಬ ಬುಡಕಟ್ಟಿನವರ ಹಳ್ಳಿಯಿಂದ ಬಂದ ಕವಿತಾ ರಾವುತರು, ತರಬೇತುದಾರ ವಿಜೇಂದ್ರ ಸಿಂಗರ ಕೈಕೆಳಗೆ ಬೆಳೆದು, 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ಓಟದಲ್ಲಿ ಕಂಚಿನ ಪದಕ ಪಡೆದರು. ಆ ಹಳ್ಳಿಗಿಂತ ನಮ್ಮ ಓಣಿಗಳು ಮೈದಾನಕ್ಕೆ ಹತ್ತಿರವೇ ಇವೆ.

ಪುಣೆಗೂ ಓಟಕ್ಕೂ ಕನ್ನಡಿಗರಿಗೂ ಇರುವ ನಂಟು ಇಂದು ನಿನ್ನೆಯದಲ್ಲ. 1919ರಲ್ಲಿ ಇಲ್ಲಿಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ಬಂದಿದ್ದ ಸರ್ ದೊರಾಬ್ಜಿ ತಾತಾರವರು ಹಳ್ಳಿಗಾಡಿನ ಓಟಗಾರರು ಬರಿಗಾಲಿನಲ್ಲಿ ಓಡುವುದನ್ನು ಕಂಡರು. ಅವರ ವೇಗವು ಯುರೋಪಿನವರಿಗೆ ಹೆಚ್ಚೇನೂ ಕಡಿಮೆಯಿಲ್ಲವೆಂದು ಅವರಿಗೆ ಹೊಳೆಯಿತು. ತಮ್ಮ ಸ್ವಂತ ಹಣವನ್ನೂ ಸೇರಿಸಿ 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಒಂದು ತಂಡವನ್ನು ಕಳುಹಿಸಿದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. 42 ಕಿಲೋಮೀಟರಿಗೂ ತುಸು ಹೆಚ್ಚೇ ಇದ್ದ ಅಂದಿನ ಮ್ಯಾರಥಾನ್ ಓಟವನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಭಾರತದ ಓಟಗಾರನೊಬ್ಬ ನೂರು ವರ್ಷಗಳ ಹಿಂದೆ ಮಾಡಿದ ಈ ಸಾಧನೆಯು ಎಷ್ಟು ಜನರಿಗೆ ಗೊತ್ತಿದೆ?  ನೋಡುವ ಕಣ್ಣಿದ್ದ ಒಬ್ಬ ಧನಿಕನು ಅವರಿಗೆ ಸಿಕ್ಕಿದನು.

ಮುಂದೆ ಇದೇ ಪುಣೆಯಲ್ಲಿ 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಬಾಲೇವಾಡಿಯ ವಿಶಾಲ ಕ್ರೀಡಾಸಂಕುಲವು ಎದ್ದಾಗ, ಅದರ ಮುಂದಾಳಾಗಿದ್ದವರು ಕನ್ನಡ ಮನೆತನದ ಸುರೇಶ ಕಲ್ಮಾಡಿಯವರು. ಅವರ ತಂದೆ ಡಾ. ಶಾಮರಾವ್ ಕಲ್ಮಾಡಿಯವರ ಹೆಸರನ್ನು ಹೊತ್ತ ಕನ್ನಡ ಸಂಘದ ಶಾಲೆಯಲ್ಲಿ ನಮ್ಮ ಎಷ್ಟೋ ವಾಚಕರ ಮಕ್ಕಳು ಓದಿದ್ದಾರೆ. ಮುಂದಿನ ವರ್ಷಗಳಲ್ಲಿ ಅವರ ಸುತ್ತ ಎದ್ದ ವಿವಾದಗಳು ಇಲ್ಲಿ ನಮ್ಮ ವಿಷಯವಲ್ಲ. ಬಾಲೇವಾಡಿಯ ಓಟದ ಪಥವಂತೂ ಈ ಊರಿಗೆ ಉಳಿಯಿತು. ಅದರ ಮೇಲೆ ನಮ್ಮವರ ಕಾಲು ಬೀಳಲಿಲ್ಲವಾದರೆ ಅದು ಕಟ್ಟಿಸಿದವರ ತಪ್ಪಲ್ಲ.

ನೇತೃತ್ವದ ಇನ್ನೊಂದು ಮುಖವನ್ನೂ ಮರೆಮಾಚಲಾಗದು. ಪಾರಿತೋಷಕಗಳನ್ನು ಎಣಿಸುವುದೇ ಗುರಿಯಾದ ಕಡೆ, ಹುಡುಗರ ರಕ್ತಕ್ಕೆ ಸೂಜಿಮದ್ದು ಸೇರುತ್ತದೆ. 2023ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಉದ್ದೀಪನ ಮದ್ದಿನ ಪರೀಕ್ಷಕರು ಬಂದರೆಂಬ ಸುದ್ದಿ ಹಬ್ಬಿದೊಡನೆ ಓಟಗಾರರು ಕಾಣೆಯಾದರು. 100 ಮೀಟರ್ ಪುರುಷರ ಅಂತಿಮ ಓಟದಲ್ಲಿ ಒಬ್ಬನೇ ಒಬ್ಬನು ಓಡಿದನು! ಅಡಿಗೆಮನೆಯಲ್ಲಿ ಸೋಡಾಪುಡಿ ಹಾಕಿ ಹಿಟ್ಟನ್ನು ಒಂದೇ ತಾಸಿನಲ್ಲಿ ಉಬ್ಬಿಸುವ ಭಟ್ಟನನ್ನು ನಾವೆಲ್ಲ ಕಂಡಿದ್ದೇವೆ. ರಾತ್ರಿಯಿಡೀ ಹುದುಗುವಷ್ಟು ತಾಳ್ಮೆ ಅವನಿಗಿಲ್ಲ. ಗಿರಾಕಿಯ ಹೊಟ್ಟೆಯ ಚಿಂತೆಯೂ ಇಲ್ಲ. ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತೇವೆಂದು ತಂದೆತಾಯಂದಿರು ಕೇಳಿ ತಿಳಿದುಕೊಳ್ಳುವುದು ಅವಶ್ಯ.

ಇನ್ನು ನಾವು ಪುಣೆಯ ಕನ್ನಡಿಗರು ಮಾಡಬಹುದಾದದ್ದೇನು? ಮೂಡುಬಿದಿರೆಯಂಥ ಸಂಸ್ಥೆಯನ್ನು ಇಲ್ಲಿ ಕಟ್ಟಲು ನಮ್ಮಿಂದಾಗದು; ಅಂಥ ಸಭೆ ಕರೆದು ಠರಾವು ಮಾಡಿ ಚಹಾ ಕುಡಿದು ಚೆದರುವುದರಲ್ಲಿಯೂ ನಮಗೆ ಉತ್ಸಾಹವಿಲ್ಲ. ಹೋಟೆಲಿನ ಧನಿಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ತಮ್ಮಲ್ಲಿ ಕೆಲಸ ಮಾಡುತ್ತ ಕಾಲೇಜಿಗೆ ಹೋಗುವ ಹುಡುಗನು ಕೂಟಕ್ಕೆ ಆಯ್ಕೆಯಾದರೆ, ಆ ದಿನಗಳ ಪಗಾರವನ್ನು ಕಡಿಯದೆ ಅವನನ್ನು ಕಳುಹಿಸಿರಿ. ಬದಲಿ ಆಳಿಗೆ ಕೊಡುವ ನಾಲ್ಕು ದಿನದ ಕೂಲಿಯು ಗಣೇಶೋತ್ಸವದ ವರ್ಗಣಿಗಿಂತ ಹೆಚ್ಚಾಗದು. ಓಡುವ ಹುಡುಗನಿಗೆ ಸಂಜೆಯ ಪಾಳಿಯನ್ನು ಕೊಟ್ಟು, ರಾತ್ರಿ ಮುಚ್ಚುವ ಕೆಲಸದಿಂದ ಬಿಡಿಸಿರಿ. ನಿದ್ದೆಗೆಟ್ಟ ಕಾಲು ಓಡದು. ಗುಮಾಸ್ತರಾದವರು ತಮ್ಮ ಮಗಳು ಮೈದಾನಕ್ಕೆ ಹೋಗುವೆನೆಂದರೆ ಹತ್ತನೆಯ ತರಗತಿಯ ನೆಪ ಹೇಳಿ ತಡೆಯದಿರಲಿ; ಹತ್ತನೆಯ ತರಗತಿಯನ್ನು ದಾಟಿ ಮುಂದೆ ಹೋಗದ ನಾವು ಹೇಳುವ ಈ ಮಾತಿಗೆ ಬೆಲೆಯಿದೆಯೋ ಇಲ್ಲವೋ, ಅವರೇ ತೂಗಿ ನೋಡಲಿ. ಅರ್ಜಿ, ವಯಸ್ಸಿನ ದಾಖಲೆ, ಕಾಲೇಜಿನ ಪ್ರಮಾಣಪತ್ರ ಮೊದಲಾದ ಕಾಗದಗಳಲ್ಲಿ ಹೋಟೆಲ್ ಹುಡುಗರು ಎಡವುವುದೇ ಹೆಚ್ಚು. ಕಚೇರಿಯ ಅನುಭವವುಳ್ಳವರು ಭಾನುವಾರ ಒಂದು ತಾಸು ಇದಕ್ಕಾಗಿ ಕೊಟ್ಟರೆ ಅದು ಚಂದಾ ಕೊಟ್ಟದ್ದಕ್ಕಿಂತ ದೊಡ್ಡ ಸಹಾಯ.

ನಮ್ಮ ಪಾಲಿನದನ್ನೂ ಹೇಳಿಬಿಡುತ್ತೇವೆ. ನಮ್ಮ ಹೋಟೆಲನ್ನು ಈಗ ತಮ್ಮನು ನೋಡಿಕೊಳ್ಳುತ್ತಿದ್ದಾನೆ. ಅವನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇವೆ. ಪುಣೆಯ ಯಾವುದೇ ಕಾಲೇಜಿನ ಪರವಾಗಿ ಓಡುವ ಹೋಟೆಲ್ ಕಾರ್ಮಿಕನಿಗಾಗಲಿ, ಕಾರ್ಮಿಕರ ಮಗನಿಗೋ ಮಗಳಿಗೋ ಆಗಲಿ, ಬೆಳಗಿನ ಓಟ ಮುಗಿದ ಮೇಲೆ ಅಲ್ಲಿ ಉಪಾಹಾರಕ್ಕೆ ಹಣವಿಲ್ಲ. ಕನ್ನಡದವರೇ ಆಗಬೇಕೆಂದೂ ಇಲ್ಲ. ಒಲೆ ಐದು ಗಂಟೆಗೆ ಹೊತ್ತುತ್ತದೆ, ಆರೂವರೆಗೆ ಇಡ್ಲಿಯ ಮೊದಲ ಹಬೆ ಇಳಿಯುತ್ತದೆ. ಹೆಸರು ಬರೆಸಲು ಇಚ್ಛಿಸುವವರು ನಮ್ಮ ಪತ್ರಿಕೆಯ ಕಾರ್ಯಾಲಯಕ್ಕೆ ಸಾಯಂಕಾಲ ಐದರ ಮೇಲೆ ಬರಬಹುದು. ಕಾಲೇಜಿನ ಗುರುತುಚೀಟಿಯನ್ನು ತಂದರೆ ಸಾಕು.